ಶಾರ್ಕ್ ಕಚ್ಚಿದ ಪಕ್ಕೆಲುಬು

ಹೊಸ ನಿರ್ದೇಶಕರು ಮೂಳೆ ಕೋಣೆಯ ಹೊಸ್ತಿಲು ದಾಟುವಾಗಲೇ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಮೂಳೆಯಮ್ಮನ ಮಟ್ಟಿಗೆ ಅವರ ಕಥೆ ಅಲ್ಲಿಗೇ ಮುಗಿಯಿತು.

ಆ ಪ್ರಾಣಿಶಾಸ್ತ್ರದ ಮ್ಯೂಸಿಯಮ್ಮಿನ ಹಿಂಬದಿಯಲ್ಲಿ, ಆರು ಮೆಟ್ಟಿಲು ಕೆಳಗಿಳಿದರೆ ಸಿಗುತ್ತಿದ್ದ ಉದ್ದನೆಯ ಕೋಣೆ ಅದು. ಸತ್ತ ಪ್ರಾಣಿ ಅಲ್ಲಿಗೆ ಬಂದರೆ ನೀರಿನ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ನೆನೆದು, ಮಾಂಸವೆಲ್ಲ ತಾನಾಗಿ ಕಳಚಿಕೊಂಡು, ಒಂದೊಂದೇ ಮೂಳೆಯಾಗಿ ಹೊರಬಂದು, ನೆರಳಲ್ಲಿ ಒಣಗಿ, ತಂತಿ ಪೋಣಿಸಿಕೊಂಡು ಮತ್ತೆ ಎದ್ದು ನಿಲ್ಲುತ್ತಿತ್ತು. ಮೂವತ್ತೊಂದು ವರ್ಷದಿಂದ ಅಲ್ಲಿ ಆ ಕೆಲಸ ಮಾಡಿಕೊಂಡು ಬಂದವಳಿಗೆ ಮೂಳೆಯಮ್ಮ ಅನ್ನುವ ಹೆಸರು ಯಾವಾಗ ಅಂಟಿಕೊಂಡಿತೋ ಅವಳಿಗೇ ನೆನಪಿಲ್ಲ. ವಾಸನೆಯ ಪರಿವೆಯಂತೂ ಅವಳಿಗೆ ಎಂದೋ ಹೋಗಿತ್ತು. ಬೇರೆಯವರ ಮೂಗು ಮುದುಡುವುದನ್ನು ನೋಡಿಯೇ ತೊಟ್ಟಿಯ ನೀರು ಬದಲಾಯಿಸುವ ಹೊತ್ತಾಯಿತೆಂದು ತಿಳಿದುಕೊಳ್ಳುತ್ತಿದ್ದಳು.

"ಅಮ್ಮಾ, ಒಂದು ಐಡಿಯಾ ಬಂದಿದೆ" ಎಂದರು ನಿರ್ದೇಶಕರು, ಕರವಸ್ತ್ರದ ಒಳಗಿಂದಲೇ.

"ಬಂದ್ರೆ ನಿಂತ್ಕೊಳ್ಳಲಿ ಸಾರ್. ಸ್ಟೂಲ್ ಒಂದೇ ಇರೋದು."

ಅವರು ನಕ್ಕರು. ಅದಕ್ಕೂ ಒಂದು ಅಂಕ ಕಳೆದಳು. ಈ ಮನುಷ್ಯ ಇಲ್ಲಿಗೆ ಬರುವ ಮುಂಚೆ ದೊಡ್ಡ ಅಂಗಡಿ ಸಂಕೀರ್ಣವೊಂದರಲ್ಲಿ ಜನ ಸೇರಿಸುವ ಕೆಲಸ ಮಾಡಿಕೊಂಡಿದ್ದರಂತೆ. ನಾಲ್ಕನೆಯ ಮಹಡಿಯಲ್ಲಿ ಹಿಮ ಬೀಳಿಸಿದ್ದರಂತೆ.

"ಶಾರ್ಕ್ ಮತ್ತು ಡಾಲ್ಫಿನ್. ಹೊಡೆದಾಟಕ್ಕೆ ಬಿದ್ರೆ ಗೆಲ್ಲೋದು ಯಾರು? ಸಮುದ್ರದ ನಿಜವಾದ ಬೇಟೆಗಾರ ಯಾರು? ಜನ ಒಳಗೆ ಬರ್ತಾರೆ, ನೋಡ್ತಾರೆ, ಡಬ್ಬಿಗೆ ವೋಟ್ ಹಾಕ್ತಾರೆ. ನಡು ಹಾಲಲ್ಲಿ ನಮ್ಮ ಡಾಲ್ಫಿನ್ ಅಸ್ಥಿಪಂಜರ. ಎದುರಿಗೆ ಶಾರ್ಕಿಂದು. ಅದನ್ನ ನೀವು ಮಾಡ್ಕೊಡಬೇಕು."

"ಶಾರ್ಕಿಗೆ ಮೂಳೆನೇ ಇಲ್ಲವಲ್ಲ ಸಾರ್."

"ಅಂದ್ರೆ?"

"ಅದಕ್ಕಿರೋದೆಲ್ಲ ಮೃದ್ವಸ್ಥಿ. ನಿಮ್ಮ ಕಿವಿ ಮುಟ್ಟಿ ನೋಡ್ಕೊಳ್ಳಿ, ಅಂಥದ್ದು. ಒಣಗಿಸಿದ್ರೆ ಮುದುರಿ ಮುದ್ದೆ ಆಗುತ್ತೆ. ದವಡೆ, ಹಲ್ಲು, ಅಷ್ಟೇ ನೆಟ್ಟಗೆ ಉಳಿಯೋದು."

ನಿರ್ದೇಶಕರು ನಿಜಕ್ಕೂ ಕಿವಿ ಮುಟ್ಟಿ ನೋಡಿಕೊಂಡರು. ಆಮೇಲೆ, "ಹಾಗಾದ್ರೆ ಫೈಬರಲ್ಲಿ ಮಾಡ್ಸೋಣ ಬಿಡಿ. ಇನ್ನೂ ಒಳ್ಳೇದು, ಕಣ್ಣಿಗೆ ಕೆಂಪು ಲೈಟ್ ಹಾಕಬಹುದು" ಎಂದರು.

ಕೆಂಪು ಲೈಟು! ಮೂಳೆಯಮ್ಮ ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಿಗೆ ಹಾಕಿದಳು. ಆದರೆ ಅವರ ಐಡಿಯಾ ಅಲ್ಲಿಗೆ ನಿಲ್ಲಲಿಲ್ಲ. ಶಾರ್ಕು ಡಾಲ್ಫಿನ್ನಿನ ಎಡ ಪಕ್ಕೆಗೆ ಬಾಯಿ ಹಾಕಿರಬೇಕು. ಡಾಲ್ಫಿನ್ನು ಕತ್ತನ್ನು ಪೂರ್ತಿ ತಿರುಗಿಸಿ, ಮುಷ್ಟಿಯುದ್ಧದವನ ಹಾಗೆ, ಮೂತಿಯಿಂದ ಶಾರ್ಕಿನ ಹೊಟ್ಟೆಗೆ ಗುದ್ದುತ್ತಿರಬೇಕು.

"ಆ ಕತ್ತು ಹಾಗೆ ತಿರುಗಲ್ಲ ಸಾರ್. ಅದರಲ್ಲಿರೋ ಏಳು ಮೂಳೇಲಿ ತಲೆಗೆ ಅಂಟಿರೋ ಎರಡು ಒಂದೇ ಆಗಿ ಬೆಸೆದುಕೊಂಡಿದಾವೆ. ಬೆಸೆದೋಳು ನಾನಲ್ಲ, ಹುಟ್ಟಿಸಿದೋರೇ ಬೆಸೆದು ಕಳಿಸಿದಾರೆ."

"ಗೊತ್ತು, ಗೊತ್ತು. ಬಡಗಿಗೆ ಹೇಳಿದ್ದೀನಿ. ಸಣ್ಣ ಗರಗಸದಲ್ಲಿ ಆ ಜಾಗ ಕೊಯ್ದು ನಡುವೆ ಒಂದು ರಾಡ್ ಹಾಕ್ತಾನೆ. ಗುರುವಾರ ಬೆಳಿಗ್ಗೆ ಶಾಲೆ ಮೇಷ್ಟ್ರುಗಳು, ಟೀಚರ್‌ಗಳೆಲ್ಲ ಮುಂಚಿತವಾಗಿ ನೋಡೋಕೆ ಬರ್ತಿದ್ದಾರೆ. ಅವರ ಎದುರಿಗೇ ಕೂರಿಸೋಣ. ಅದೂ ಒಂದು ಶೋ ಆಗುತ್ತೆ."

ಅವರು ಮೆಟ್ಟಿಲೇರಿ ಹೋದ ಮೇಲೂ ಮೂಳೆಯಮ್ಮ ನಿಂತೇ ಇದ್ದಳು. ಒಂಬತ್ತು ಅಡಿ ಉದ್ದದ ಆ ಹೆಣ್ಣು ಡಾಲ್ಫಿನ್ನು ಅವಳ ಕೈಯ ಮೊದಲನೆಯ ದೊಡ್ಡ ಕೆಲಸ. ಈಜುರೆಕ್ಕೆಯೊಳಗಿನ ಬೆರಳಿನ ಮೂಳೆ, ಕಾಳಿನಷ್ಟು ಚಿಕ್ಕದೂ ಸೇರಿದಂತೆ, ಎಲ್ಲವನ್ನೂ ಜರಡಿಯಲ್ಲಿ ಸೋಸಿ ತೆಗೆದಿದ್ದಳು. ಜೋಡಿಸಲು ಎರಡು ವರ್ಷ ಹಿಡಿದಿತ್ತು. ಅದರ ಕತ್ತಿಗೆ ಗರಗಸವಂತೆ. ಹಿಮ ಬೀಳಿಸಿದ ಮಹಾಶಯನಂತೆ.

ಮಧ್ಯಾಹ್ನ ಊಟದ ಹೊತ್ತಿಗೆ ಸುದ್ದಿ ಇಡೀ ಕಟ್ಟಡಕ್ಕೆ ಹಬ್ಬಿತ್ತು. ಹಿಂದಿನ ಅಂಗಳದ ಕಟ್ಟೆಯ ಮೇಲೆ ಬಡಗಿ ಮತ್ತು ಗೇಟಿನ ಕಾವಲುಗಾರ ಆಗಲೇ ಯುದ್ಧಕ್ಕೆ ನಿಂತಿದ್ದರು. ಕಾವಲುಗಾರನಿಗೆ ಮೀಸೆ ಅಂತಲೇ ಹೆಸರು. ಮುಖದಲ್ಲಿ ಬೇರೆ ಏನೂ ಲೆಕ್ಕಕ್ಕೆ ಬರುವಂಥದ್ದು ಇರಲಿಲ್ಲ.

"ಶಾರ್ಕ್ ಬಾಯಿ ತೆಗೆದ್ರೆ ಮುಗೀತು ಕಣಯ್ಯಾ. ಸಾಲು ಸಾಲು ಹಲ್ಲು. ಒಂದು ಉದುರಿದ್ರೆ ಹಿಂದೆ ಇನ್ನೊಂದು ರೆಡಿ" ಎಂದ ಮೀಸೆ.

"ಬರೀ ಹಲ್ಲಿದ್ರೆ ಆಗೋಯ್ತಾ? ತಲೆ ಬೇಡ್ವಾ? ಡಾಲ್ಫಿನ್ ಗುಂಪು ಕಟ್ಕೊಂಡು ಬರುತ್ತೆ. ಒಂದು ಮುಂದೆ ಆಟ ಆಡ್ಸುತ್ತೆ, ಇನ್ನೊಂದು ಕೆಳಗಿಂದ ಬಂದು ಹೊಟ್ಟೆಗೆ ಗುಮ್ಮುತ್ತೆ. ಶಾರ್ಕ್ ಔಟ್!"

"ಗುಂಪು ಕಟ್ಕೊಂಡು ಬರೋದು ಗಂಡಸ್ತನನಾ? ಒಂಟಿಗೆ ಒಂಟಿ ಹೇಳು, ನೋಡೋಣ."

"ನೀನು ಮನೇಲಿ ಹೆಂಡ್ತಿ ಹತ್ರ ಒಂಟಿಗೆ ಒಂಟಿ ನಿಂತು ಗೆದ್ದಿದ್ದೀಯೇನೋ?"

"ಅವಳ ಹಿಂದೆ ಅವರಮ್ಮ ಇರ್ತಾಳೆ, ಒಂಟಿ ಎಲ್ಲಿ ಬಂತು" ಎಂದು ಮೀಸೆ ಒಪ್ಪಿಕೊಂಡು, ಮೂಳೆಯಮ್ಮನ ಕಡೆ ತಿರುಗಿದ. "ಏನಮ್ಮಾ, ನೀನೇ ನ್ಯಾಯ ಹೇಳು. ಇಬ್ಬರನ್ನೂ ಬಿಚ್ಚಿ ನೋಡಿದೋಳು ನೀನು."

ಮೂಳೆಯಮ್ಮ ಬಾಯಲ್ಲಿದ್ದ ತುತ್ತು ನುಂಗಿಯೇ ಮಾತಾಡಿದಳು. "ಹಸಿವಾದ್ರೆ ಶಾರ್ಕ್ ತಿನ್ನುತ್ತೆ. ಅದಕ್ಕೆ ಸಿಗೋದು ಮರಿನೋ, ಮುದಿನೋ, ಕಾಯಿಲೆ ಬಿದ್ದಿರೋದೋ. ಡಾಲ್ಫಿನ್‌ಗೆ ಮರಿ ಉಳಿಸ್ಕೋಬೇಕು ಅನ್ನಿಸಿದ್ರೆ ಅದೂ ಗುದ್ದುತ್ತೆ. ಮಿಕ್ಕ ದಿನ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ಮೈಗೆ ಗಾಯ ಆದ್ರೆ ನಾಳೆ ಹೊಟ್ಟೆಗಿಲ್ಲ ಅಂತ ಎರಡಕ್ಕೂ ಗೊತ್ತು. ಅಷ್ಟು ಬುದ್ಧಿ ಎರಡಕ್ಕೂ ಇದೆ. ಸುಮ್ಮನೆ ಕೂತು ಹೊಡೆದಾಡಿಸೋ ಬುದ್ಧಿ ಮಾತ್ರ ಊಟದ ಡಬ್ಬಿ ಮುಂದಿಟ್ಕೊಂಡೋರಿಗೆ ಬರೋದು."

"ಅಂದ್ರೆ ಡಾಲ್ಫಿನ್ ಅಂತಾಯ್ತು" ಎಂದ ಬಡಗಿ.

"ಎಲ್ಲಿ ಅಂದ್ಲು? ಹಸಿವಾದ್ರೆ ತಿನ್ನುತ್ತೆ ಅಂದ್ಲಲ್ಲ!" ಎಂದ ಮೀಸೆ.

ಅವಳು ಡಬ್ಬಿ ಮುಚ್ಚಿ ಎದ್ದಳು. ಇಂಥವರ ಜೊತೆ ಮೂವತ್ತೊಂದು ವರ್ಷ.

ಮರುದಿನ ಅವಳೇ ನಿರ್ದೇಶಕರ ಕೋಣೆಗೆ ಹೋದಳು. ಅವರ ಮೇಜಿನ ಮೇಲೆ ಒಂದು ಬಣ್ಣದ ಚಿತ್ರವಿತ್ತು. ಅದರಲ್ಲಿ ಡಾಲ್ಫಿನ್ನಿಗೆ ಹುಬ್ಬು ಬರೆದಿದ್ದರು, ಕೋಪ ಬಂದ ಹುಬ್ಬು.

"ಸಾರ್, ಕೊಯ್ದ ಮೂಳೆ ಮತ್ತೆ ಕೂಡೋದಿಲ್ಲ. ನಿಮ್ಮ ಶೋ ಮೂರು ತಿಂಗಳು. ಆಮೇಲೆ ಅದನ್ನ ಏನು ಮಾಡ್ತೀರಿ?"

"ಆಮೇಲಿನದ್ದು ಆಮೇಲೆ."

"ಇಲ್ಲದೇ ಇರೋ ಹೊಡೆದಾಟಕ್ಕೆ ಇರೋ ಕತ್ತು ಕೊಯ್ಯೋದಾ?"

ನಿರ್ದೇಶಕರು ಕುರ್ಚಿಗೆ ಒರಗಿ ಮುಗುಳ್ನಕ್ಕರು. "ಇಲ್ಲದೇ ಇರೋದು ಅಂತ ನೀವು ಹೇಳ್ತೀರಾ ಅಮ್ಮಾ? ಎಡಗಡೆ ಮೂರು ಪಕ್ಕೆಲುಬಿನ ಮೇಲೆ ಶಾರ್ಕಿನ ಹಲ್ಲಿನ ಗುರುತಿದೆ. ನಿಮ್ಮ ಮ್ಯೂಸಿಯಂ ಬೋರ್ಡೇ ಹೇಳುತ್ತೆ. ಶಾಲೆ ಪುಸ್ತಕದಲ್ಲಿ ಅದರ ಫೋಟೋ ಇದೆ. ಈ ಶೋ ನನ್ನ ತಲೆಗೆ ಬಂದಿದ್ದೇ ಅದನ್ನ ನೋಡಿ. ಅದು ಸುಳ್ಳು ಅಂತ ಇದ್ರೆ ಹೇಳಿ, ಇವತ್ತೇ ನಿಲ್ಲಿಸ್ತೀನಿ."

ಮೂಳೆಯಮ್ಮ ಬಾಗಿಲು ಎಳೆದುಕೊಂಡು, ಆರು ಮೆಟ್ಟಿಲು ಇಳಿದು ತನ್ನ ಕೋಣೆಗೆ ಬಂದಳು.

ಆ ಗುರುತು ಶಾರ್ಕಿನದಲ್ಲ ಎಂದು ಬದುಕಿರುವವರಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೇ.

ಅವಳಿಗೆ ಆಗ ಇಪ್ಪತ್ತೇಳು. ಕೆಲಸ ಕಲಿಸುತ್ತಿದ್ದ ಮೇಸ್ತ್ರಿ ಜ್ವರ ಹಿಡಿದು ಮೂರು ವಾರ ಮಲಗಿದ್ದ. ಹೋಗುವಾಗ, "ನೀರು ಬದಲಾಯಿಸ್ತಾ ಇರು. ಮೂಳೆಗೆ ಮಾತ್ರ ಕೈ ಹಚ್ಚಬೇಡ, ಅದೇ ಬಿಡುತ್ತೆ" ಎಂದು ಹೇಳಿದ್ದ. ಇವಳಿಗೆ ಆತುರ. ಅವನು ಬರುವಷ್ಟರಲ್ಲಿ ಪಕ್ಕೆಲುಬೆಲ್ಲ ಬೆಳ್ಳಗೆ ಮಾಡಿಟ್ಟು ಭೇಷ್ ಅನ್ನಿಸಿಕೊಳ್ಳಬೇಕು. ತೊಟ್ಟಿಯಿಂದ ಮೂರು ಪಕ್ಕೆಲುಬು ಎತ್ತಿಕೊಂಡು, ಅರ್ಧ ಮುರಿದ ಕಬ್ಬಿಣ ಕೊಯ್ಯುವ ಬ್ಲೇಡಿನಿಂದ ಮಾಂಸ ಕೆರೆದಳು. ನೆನೆದ ಮೂಳೆ ಮೆತ್ತಗಿತ್ತು. ಬ್ಲೇಡಿನ ಹಲ್ಲು ಸಾಲಾಗಿ ಇಳಿಯಿತು. ಕಂಡದ್ದೇ ಬ್ಲೇಡನ್ನು ಕೆಳಗೆ ಹಾಕಿದಳು.

ನಾಲ್ಕು ದಿನ ಕಳೆದು ಚಿನ್ನದ ಕಟ್ಟಿನ ಕನ್ನಡಕದ ವಿಜ್ಞಾನಿಯೊಬ್ಬರು ಕೋಣೆಗೆ ಬಂದವರು ಆ ಪಕ್ಕೆಲುಬು ಎತ್ತಿ ಬೆಳಕಿಗೆ ಹಿಡಿದು, "ಆಹಾ! ಶಾರ್ಕ್!" ಎಂದರು. ಅವಳು ತಲೆ ತಗ್ಗಿಸಿದಳು. ಅವರಿಗೆ ಅದು ಹೌದೆಂದು ತಲೆಯಾಡಿಸಿದಂತೆ ಕಂಡಿತು. ಮೇಸ್ತ್ರಿ ವಾಪಸು ಬರುವಷ್ಟರಲ್ಲಿ ಬೋರ್ಡು ಬರೆಸಿ ಆಗಿತ್ತು. ಮೇಸ್ತ್ರಿ ಒಮ್ಮೆ ಮೂಳೆ ನೋಡಿದ, ಒಮ್ಮೆ ಅವಳ ಮುಖ ನೋಡಿದ, ಕೈ ತೊಳೆಯಲು ಹೋದ. ಎಂಟು ದಿನ ಅವಳ ಜೊತೆ ಮಾತಾಡಲಿಲ್ಲ. ಸಾಯುವವರೆಗೂ ಆ ವಿಷಯ ಎತ್ತಲಿಲ್ಲ.

ಮೊದಲ ವರ್ಷ ಅವಳಿಗೆ ಹೆದರಿಕೆ. ಯಾರಾದರೂ ಬಲ್ಲವರು ಬಂದು ಹಿಡಿದೇಬಿಡುತ್ತಾರೆಂದು ನಿದ್ದೆ ಬರುತ್ತಿರಲಿಲ್ಲ. ಬಲ್ಲವರು ಬಂದರು. ಭೂತಗನ್ನಡಿ ಹಿಡಿದು ಬಂದರು, ಅಳತೆಯ ಪಟ್ಟಿ ಹಿಡಿದು ಬಂದರು, ಹೆಸರಿನ ಹಿಂದೆ ಮುಂದೆ ಅಕ್ಷರಗಳ ದಂಡನ್ನೇ ಕಟ್ಟಿಕೊಂಡು ಬಂದರು. ಎಲ್ಲರೂ ಬಗ್ಗಿ ನೋಡಿದರು, ಎಲ್ಲರೂ "ಆಹಾ" ಎಂದರು. ಯಾರಿಗೆ ಗೊತ್ತಾಗುತ್ತೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಒಂದೊಂದು ಆಹಾಕ್ಕೂ ಒಬ್ಬೊಬ್ಬರು ಅವಳ ಕಣ್ಣಲ್ಲಿ ಒಂದೊಂದು ಮೆಟ್ಟಿಲು ಇಳಿದರು. ಹತ್ತು ವರ್ಷ ಕಳೆಯುವ ಹೊತ್ತಿಗೆ ಹೆದರಿಕೆ ಹೋಗಿ ತಾತ್ಸಾರ ಬೇರೂರಿತ್ತು. ಒಂದು ಮುರುಕು ಬ್ಲೇಡಿಗೂ ಶಾರ್ಕಿಗೂ ವ್ಯತ್ಯಾಸ ತಿಳಿಯದ ಈ ಓದಿದ ಜನ ಇನ್ನೇನು ತಿಳಿದಾರು? ಅವರಿಗೇ ಇಲ್ಲದ ಮರ್ಯಾದೆ ಮೀಸೆಗೆ, ಬಡಗಿಗೆ ಎಲ್ಲಿಂದ ಬರಬೇಕು?

ಸಂಜೆ ಮನೆಗೆ ಬಂದರೆ ತಂಗಿ ನೆಲದ ಮೇಲೆ ಕಾಗದ ಹರಡಿಕೊಂಡು ಕೂತಿದ್ದಳು. ಅಕ್ಕತಂಗಿಯರಿಬ್ಬರೂ ಒಂಟಿಯಾದ ಮೇಲೆ ಒಂದೇ ಮನೆಯಲ್ಲಿದ್ದರು. ಎರಡು ಕೋಣೆ, ಒಂದು ಅಡುಗೆಮನೆ, ಒಂದೇ ಕನ್ನಡಿ. ತಂಗಿ ಐದನೆಯ ತರಗತಿಯ ಟೀಚರ್.

"ಅಕ್ಕಾ, ನಿಮ್ಮ ನಿರ್ದೇಶಕರ ಕಾಗದ ಬಂತು, ನಮ್ಮ ಕ್ಲಾಸಲ್ಲಿ ಇವತ್ತೇ ಎಲೆಕ್ಷನ್ ಮುಗೀತು ನೋಡು! ಡಾಲ್ಫಿನ್‌ಗೆ ಇಪ್ಪತ್ತೆರಡು, ಶಾರ್ಕಿಗೆ ಹತ್ತೊಂಬತ್ತು. ಒಬ್ಬಳು ಮಾತ್ರ ತಿಮಿಂಗಿಲಕ್ಕೆ ಹಾಕ್ತೀನಿ ಅಂತ ಹಠ."

"ನಿಮಗೆ ಪಾಠ ಮಾಡೋಕೆ ಏನೂ ಉಳಿದಿಲ್ವಾ?"

"ಇದೇ ಪಾಠ. ಅಸ್ಥಿಪಂಜರದ ಪಾಠ. ಪ್ರತಿ ವರ್ಷ ಹೇಳಲ್ವಾ ನಾನು? ಶಾರ್ಕ್ ಕಚ್ಚಿದ್ರೂ ಅಮ್ಮ ಡಾಲ್ಫಿನ್ ಬದುಕ್ಕೊಂಡು ಬಂತು, ಆ ಗುರುತನ್ನ ಒಂಚೂರೂ ಅಳಿಸದ ಹಾಗೆ ನಮ್ಮ ಅಕ್ಕ ಜೋಡಿಸಿದಾಳೆ ಅಂತ. ಆವಾಗ ಮಕ್ಕಳ ಮುಖ ನೋಡಬೇಕು ನೀನು." ತಂಗಿ ಕಾಗದದ ಕಟ್ಟಿಗೆ ಸುತ್ತಿದ ಬಣ್ಣದ ದಾರವನ್ನು ಹಲ್ಲಿನಲ್ಲಿ ಕಡಿಯುತ್ತ ಹೇಳಿದಳು. "ಗುರುವಾರ ನಾನೂ ಬರ್ತೀನಿ. ಮುಂದಿನ ಸಾಲಲ್ಲೇ ಕೂರ್ತೀನಿ."

ಮೂಳೆಯಮ್ಮ ಬಚ್ಚಲಿಗೆ ಹೋಗಿ ಕೈ ತೊಳೆದಳು. ಸೋಪು ಹಾಕಿ ಮತ್ತೆ ತೊಳೆದಳು. ಹೊರಗೆ ಬಂದು, "ನೋಡೇ, ಆ ಗುರುತು…" ಎಂದು ಶುರು ಮಾಡಿದಳು.

"ಏನು?"

"ಏನಿಲ್ಲ. ಆ ದಾರ ಬಾಯಿಗೆ ಹಾಕ್ಬೇಡ, ಬಣ್ಣ ಬಿಡುತ್ತೆ."

ತಂಗಿಗೆ ಅವಳಿಗಿಂತ ಒಂಬತ್ತು ವರ್ಷ ಚಿಕ್ಕ ವಯಸ್ಸು. ಈ ಲೋಕದಲ್ಲಿ ಮೂಳೆಯಮ್ಮ ಮೂಗು ಮುರಿಯದೆ ನೋಡುತ್ತಿದ್ದ ಒಂದೇ ಮುಖ ಅದು. ತಕ್ಕಡಿಯ ಎರಡು ತಟ್ಟೆ ಅವಳ ಮುಂದಿದ್ದವು. ಒಂದರಲ್ಲಿ ಎರಡು ಬೆಸೆದ ಮೂಳೆ, ಇನ್ನೊಂದರಲ್ಲಿ ಆ ಮುಖ. ಗುರುವಾರದವರೆಗೆ ಯಾವುದೂ ಕೆಳಗಿಳಿಯಲಿಲ್ಲ.

ಗುರುವಾರ ಹತ್ತು ಗಂಟೆಗೆ ನಡು ಹಾಲಿನಲ್ಲಿ ನಲವತ್ತು ಜನ ಮೇಷ್ಟ್ರುಗಳು, ಟೀಚರ್‌ಗಳು ಕೂತಿದ್ದರು. ಡಾಲ್ಫಿನ್ನನ್ನು ಮೇಲಿನ ಕೊಕ್ಕೆಗಳಿಂದ ಇಳಿಸಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಫೈಬರ್ ಶಾರ್ಕು ಬಾಯಿ ತೆರೆದು ನಿಂತಿತ್ತು. ಕೆಂಪು ಕಣ್ಣುಗಳಲ್ಲಿ ಒಂದು ಉರಿಯುತ್ತಿರಲಿಲ್ಲ. ಮೀಸೆ ಅದನ್ನು ಮೆಲ್ಲಗೆ ತಟ್ಟಿ ನೋಡುತ್ತಿದ್ದ.

ನಿರ್ದೇಶಕರು ಮೈಕು ಹಿಡಿದು ಶುರು ಹಚ್ಚಿಕೊಂಡರು. ಒಂದು ಕಡೆ ಹಲ್ಲು, ಇನ್ನೊಂದು ಕಡೆ ಬುದ್ಧಿ. ಒಂದು ಕಡೆ ಒಂಟಿ ಕೊಲೆಗಾರ, ಇನ್ನೊಂದು ಕಡೆ ಸಂಸಾರವಂದಿಗ. ಟೀಚರ್‌ಗಳು ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುವಂಥದ್ದು ಏನಿದೆ ಅದರಲ್ಲಿ ಎಂದು ಮೂಳೆಯಮ್ಮ ಗೋಡೆಗೆ ಒರಗಿಕೊಂಡು ನೋಡಿದಳು. "ಮತ್ತು ಇದು ಕಟ್ಟುಕಥೆಯಲ್ಲ. ಸಾಕ್ಷಿ ಇಲ್ಲೇ ಇದೆ!" ಎಂದು ಅವರು ಪಕ್ಕೆಲುಬಿನ ಕಡೆ ಕೈ ತೋರಿಸಿದಾಗ ಮುಂದಿನ ಸಾಲಿನಲ್ಲಿದ್ದ ತಂಗಿ ಹಿಂದಕ್ಕೆ ತಿರುಗಿ ಅಕ್ಕನನ್ನು ನೋಡಿ ನಕ್ಕಳು. ಬಡಗಿ ಗರಗಸ ತೆಗೆದುಕೊಂಡು ತಲೆಬುರುಡೆಯ ಹಿಂದೆ ಬಗ್ಗಿದ. ಎಲ್ಲಿ ಕೊಯ್ಯಬೇಕೆಂದು ಪೆನ್ಸಿಲಿನಿಂದ ಗೆರೆ ಎಳೆದ.

ಆ ಗೆರೆಯನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಏಯ್, ತೆಗಿ ಕೈ!"

ಹಾಲಿನಲ್ಲಿ ಎಲ್ಲರೂ ತಿರುಗಿದರು. ಅವಳು ಏಪ್ರನ್ನಿನಲ್ಲೇ ನಡೆದುಬಂದು ಡಾಲ್ಫಿನ್ನಿನ ಪಕ್ಕದಲ್ಲಿ ನಿಂತಳು.

"ಶಾರ್ಕ್ ಕಚ್ಚಿದ್ದಲ್ಲ ಇದು. ನಾನು ಕೆರೆದಿದ್ದು. ಕಬ್ಬಿಣ ಕೊಯ್ಯೋ ಬ್ಲೇಡಲ್ಲಿ."

ಯಾರೋ ನಕ್ಕರು. ನಿರ್ದೇಶಕರೂ ನಕ್ಕು, "ನಮ್ಮ ಹಿರಿಯ ಸಿಬ್ಬಂದಿ. ತಮಾಷೆ ಸ್ವಭಾವ" ಎಂದರು.

"ತಮಾಷೆ ಮಾಡೋ ಮುಖನಾ ಇದು? ಬನ್ನಿ, ಬಂದು ನೋಡಿ. ಬದುಕಿದ್ದಾಗ ಕಚ್ಚಿದ್ರೆ ಮೂಳೆ ಮತ್ತೆ ಬೆಳೆದು ಅಂಚು ಮೊಂಡಾಗ್ತಿತ್ತು. ಇದು ನಿನ್ನೆ ಗೀರಿದ ಹಾಗೆ ಚೂಪಾಗಿದೆ. ಶಾರ್ಕಿನ ದವಡೆ ಕಮಾನು, ಗುರುತೂ ಕಮಾನಾಗಿ ಬರಬೇಕು. ಇದು ಪಟ್ಟಿ ಇಟ್ಟು ಎಳೆದಂಗಿದೆ. ಇಲ್ಲಿ, ಪಕ್ಕೆಲುಬಿನ ಒಳಗಡೆ ಯಾರಾದ್ರೂ ಲೈಟ್ ಹಾಕಿ. ಒಳಗಡೆನೂ ಅದೇ ಗೀರು! ಒಳಗಿಂದ ಕಚ್ಚೋಕೆ ಶಾರ್ಕೇನು ಡಾಲ್ಫಿನ್ ಹೊಟ್ಟೇಲಿ ಬಾಡಿಗೆಗಿತ್ತಾ?"

ಬಿಳಿಗೂದಲಿನ ಮೇಷ್ಟ್ರೊಬ್ಬರು ಎದ್ದುಬಂದು ಫೋನಿನ ಬೆಳಕು ಹಿಡಿದು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಆಮೇಲೆ, "ಹೌದಲ್ರೀ! ಇದನ್ನ ನಾನು ಪ್ರಶ್ನೆಪತ್ರಿಕೇಲಿ ಎರಡು ಅಂಕಕ್ಕೆ ಕೇಳಿದ್ದೀನಲ್ರೀ!" ಎಂದರು.

ಹಾಲೆಲ್ಲ ಗಲಗಲ ಎಂದಿತು. ನಿರ್ದೇಶಕರು ಮೈಕು ಆರಿಸಿ ಅವಳ ಕಿವಿಯ ಹತ್ತಿರ ಬಂದರು. ಕರವಸ್ತ್ರ ಮರೆತಿದ್ದರು. "ಅಮ್ಮಾ, ಏನು ಮಾಡ್ಬಿಟ್ರಿ! ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೋರು ಇನ್ನು ಮೂರು ತಿಂಗಳು ಮುಚ್ಕೊಂಡಿರಬಾರದಾ? ಯಾರಿಗೆ ಗೊತ್ತಾಗ್ತಿತ್ತು?"

ಯಾರಿಗೆ ಗೊತ್ತಾಗುತ್ತೆ ಅನ್ನುವ ಆ ಮಾತನ್ನು ಮೂಳೆಯಮ್ಮ ಮೂವತ್ತೊಂದು ವರ್ಷ ತನ್ನದೇ ದನಿಯಲ್ಲಿ ಕೇಳಿದ್ದಳು. ಇನ್ನೊಬ್ಬರ ಬಾಯಲ್ಲಿ ಅದು ಇಷ್ಟು ಹಗುರವಾಗಿ ಕೇಳುತ್ತದೆಂದು ಗೊತ್ತಿರಲಿಲ್ಲ.

ಬಡಗಿ ಗರಗಸವನ್ನು ಚೀಲಕ್ಕೆ ಹಾಕಿದ. "ಹೊಡೆದಾಟನೇ ಆಗಿಲ್ಲ ಅಂದ್ಮೇಲೆ ಕೊಯ್ಯೋದು ಯಾಕೆ ಸಾರ್?" ಎಂದ. ಮೀಸೆಯ ಕಡೆ ತಿರುಗಿ, "ಆದ್ರೂ ಗೆಲ್ತಿದ್ದಿದ್ದು ಡಾಲ್ಫಿನ್ನೇ" ಎಂದು ಸೇರಿಸಿದ.

"ನಿನ್ನ ತಲೆ" ಎಂದ ಮೀಸೆ.

ನಿರ್ದೇಶಕರು ಹೊಸ ಐಡಿಯಾ ಬರಿಸಿಕೊಳ್ಳಲು ತಡಮಾಡುವವರಲ್ಲ. ಮತ್ತೆ ಮೈಕು ಹಾಕಿ, ಡಾಲ್ಫಿನ್ನನ್ನೂ ಫೈಬರಿನಲ್ಲೇ ಮಾಡಿಸುತ್ತೇವೆ, ಅದರ ಕತ್ತು ಎಷ್ಟು ಬೇಕಾದರೂ ತಿರುಗುತ್ತದೆ, ವೋಟಿನ ಡಬ್ಬಿ ಹಾಗೇ ಇರುತ್ತದೆ ಎಂದು ಸಾರಿದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಬೀಳದೆ ಇನ್ನೇನು, ಎಂದುಕೊಂಡಳು ಮೂಳೆಯಮ್ಮ. "ಇದನ್ನ ಕೆಳಗೆ ತಗೊಂಡು ಹೋಗಿ. ನಿಮ್ಮ ವಿಷಯ ಸೋಮವಾರ ಮಾತಾಡೋಣ" ಎಂದು ಅವಳಿಗೆ ಹೇಳಿ ಅವರು ಬಿಸ್ಕತ್ತಿನ ತಟ್ಟೆಯ ಕಡೆಗೆ ಹೋದರು. ಸೋಮವಾರ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಡಾಲ್ಫಿನ್ನಿನ ಕತ್ತಂತೂ ಉಳಿದಿತ್ತು.

ತಂಗಿ ಮಾತ್ರ ಕುರ್ಚಿಯಿಂದ ಎದ್ದಿರಲಿಲ್ಲ. ತೊಡೆಯ ಮೇಲೆ ಮಕ್ಕಳು ಬಣ್ಣ ಹಚ್ಚಿ ಕೊಟ್ಟಿದ್ದ ಕಾಗದಗಳ ಕಟ್ಟು ಇತ್ತು. ಮೂಳೆಯಮ್ಮ ಹತ್ತಿರ ಹೋಗಿ ನಿಂತಳು.

"ಇಪ್ಪತ್ತು ವರ್ಷ" ಎಂದಳು ತಂಗಿ, ಮುಖ ಎತ್ತದೆ. "ಇಪ್ಪತ್ತು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ಯಲ್ಲ. ರಾತ್ರಿ ಪಕ್ಕದಲ್ಲೇ ಮಲಗ್ತಿದ್ದೆ ನೀನು. ಒಂದಿನ ಹೇಳಬಾರದಿತ್ತಾ?"

"ಹೇಳ್ಬೇಕು ಅಂತ…"

"ನಾನೂ ಎಲ್ಲರ ಹಾಗೇ ಅಂತ ಅಂದ್ಕೊಂಡೆ ನೀನು. ಇವಳಿಗೇನು ತಿಳಿಯುತ್ತೆ, ಹೇಳಿದ್ದು ನಂಬ್ಕೊಂಡು ಬಿದ್ದಿರ್ತಾಳೆ ಅಂತ."

ಇಲ್ಲ ಎನ್ನಲು ಮೂಳೆಯಮ್ಮ ಬಾಯಿ ತೆರೆದಳು. ಆದರೆ ತಂಗಿ ಆಗಲೇ ಎದ್ದು, ಕಾಗದದ ಕಟ್ಟನ್ನು ಕುರ್ಚಿಯ ಮೇಲಿಟ್ಟು, ಡಾಲ್ಫಿನ್ನಿನ ಕಡೆ ನಡೆದಿದ್ದಳು. ಹೊರಲು ಆರು ಜನ ಬೇಕಿತ್ತು, ಮುಂದೆ ಬಂದವರು ನಾಲ್ಕೇ. ನಡುವಿನಲ್ಲಿ ಬಡಗಿ, ಮೀಸೆ. ಬಾಲದ ಕಡೆ ಆ ಬಿಳಿಗೂದಲಿನ ಮೇಷ್ಟ್ರು ಮತ್ತು ಇನ್ನೊಬ್ಬರು. ತಂಗಿ ತೋಳು ಮಡಚಿ ತಲೆಬುರುಡೆಯ ಕೆಳಗೆ ಎರಡೂ ಕೈ ಕೊಟ್ಟಳು. ಮೂಳೆಯಮ್ಮ ಅವಳ ಎದುರಿಗೆ ನಿಂತು ಕತ್ತಿನ ಕೆಳಗೆ ಕೈ ಕೊಟ್ಟಳು.

"ಸ್ವಲ್ಪ ಮೇಲೆ ಹಿಡಿ. ಮೂತಿ ಉದ್ದ ಅದಕ್ಕೆ, ಗೋಡೆಗೆ…"

"ನನ್ನ ಹತ್ರ ಮಾತಾಡ್ಬೇಡ" ಎಂದಳು ತಂಗಿ. "ಮೆಟ್ಟಿಲು ನೋಡ್ಕೊಂಡು ಇಳಿ."

ಮೂಳೆಯಮ್ಮ ಮೆಟ್ಟಿಲು ನೋಡಿಕೊಂಡು ಹಿಮ್ಮುಖವಾಗಿ ಇಳಿದಳು. ಒಂದು, ಎರಡು. ಹಿಂದಿನಿಂದ ಮೇಷ್ಟ್ರು ಇದರ ತೂಕ ಎಷ್ಟು ಎಂದು ಕೇಳುತ್ತಿದ್ದರು.